ಹಸಿರು ಗೆರಿ ನೋಡಾಂವಗ ಯಾರು ಹೆಣ್ಣು ಕೊಡ್ತಾರ?

ರೇಡಿಯೋ ರಿಪೇರಿ ಅಂಗಡಿ ಇಟ್ಟಾವಗ ನಗಿಗೆ ಬರಗಾಲ ಇಲ್ಲರಿ. ಮಂದಿ ಕೆಟ್ಟ ರೇಡಿಯೋದ ಜೋಡಿ ಅದನ್ನೂ ಹೊತ್ತು ತರ್ತಾರ. ಅರವತ್ತರ ದಶಕದ ಮಾತು. ಸಿಂದಗಿಯ ನನ್ನ ಅಂಗಡಿಗೆ ಪುಣೇದ ಗುಜರಿಯಿಂದ ಹಳೇ ಆಸಿಲೋಸ್ಕೋಪ್ ಒಂದನ್ನ ತಂದಿದ್ದೆ. ರೇಡಿಯೋದೊಳಗ ಹರಿಯೋ ಕರೆಂಟನ್ನ ಅದು ಗುಂಡನ್ನ ಗಾಜಿನ ಮ್ಯಾಲೆ ಹಸಿರು ಗೆರಿ ಮಾಡಿ ತೋರಸ್ತಿತ್ತು. ಅದರ ಕಡ್ಡಿ ಮುಟ್ಟಿಸಿದ ಕಡೆ ಗೆರಿ ಕುಣದ್ರ ಅಲ್ಲಿತನಕ ಸರಿ ಐತಿ. ಮಲಗಿದ್ರ ಅಲ್ಲೇ ಕೆಟ್ಟೈತಿ. ಯಂತ್ರ ಸಿಕ್ತು, ಹೆಣ್ಣು ಮಾತ್ರ ಸಿಗಲೊಲ್ಲದು. ಅವ್ವ ದಿನಾ ಕಣ್ಣೀರು ಹಾಕ್ತಿದ್ದಳು.

೧. ಗೆರಿ ಯಾರದು?

ಆಲಮೇಲದ ಕಬ್ಬಿನ ರೈತನೊಬ್ಬ ರೇಡಿಯೋ ತಂದು ಎದುರಿಗೇ ಕುಂತ. ಒಳಗಿನ ಸಾಮಾನು ಬದಲಿ ಮಾಡ್ತಾರಂತ ಆಗ ಎಲ್ಲರಿಗೂ ಸಂಶೆ, ಅದಕ್ಕ ಈ ಕಾವಲು.

“ಆ ಹಸಿರಂದು ಏನ್ರಿ?”

“ನಿಮ್ಮ ರೇಡಿಯೋದಾಗಿಂದು.”

ರಿಪೇರಿ ಮುಗೀತು. ಅಂವ ಏಳಲಿಲ್ಲ. “ಅದನ್ನೂ ಕೊಡ್ರಿ. ನಂದು ಅಂದೀರಲ್ಲ?”

ಕೊಡಾಕ ಬರೂದಿಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಕಡೀಕ, “ಹಂಗಾದ್ರ ಆರಿಸ್ರಿ. ನಾ ಹೋದ ಮ್ಯಾಲೆ ಮತ್ತೊಬ್ಬರ ರೇಡಿಯೋಕ್ಕ ಹಾಕಿಗೀಕೀರಿ” ಅಂದ. ಆರಿಸಿದ ಮ್ಯಾಲೇ ಎದ್ದ.

೨. ಚಾಚಾನ ಹೊಗಳಿಕಿ

ಮಗ್ಗಲ ಅರಿವಿ ಅಂಗಡಿ ಚಾಚಾ ನನ್ನನ್ನ ಮಗನಂಗ ನೋಡ್ತಿದ್ರು. ಇಂಡಿಯಿಂದ ಹೆಣ್ಣಿನ ಕಡೆಯವರು ವಿಚಾರಸಾಕ ಬಂದಾವರು ಮೊದಲು ಅವರನ್ನ ಕೇಳಿದ್ರು: “ಹುಡುಗ ಏನು ಮಾಡ್ತಾನ್ರಿ?”

“ಹಸಿರು ಗೆರಿ ನೋಡ್ತಾನ್ರಿ.”

“ದಿನಾ?”

“ಊಟಾನೂ ಮರೀತಾನ್ರಿ.”

ಬಂದವರು ಚಹಾ ಸುದ್ದಾ ಕುಡೀದ ಹೋದ್ರು. ನನಗ ಅಳೂದೊಂದು ಬಾಕಿ. ಚಾಚಾ ಬಂದು ಬೆನ್ನು ತಟ್ಟಿ, “ಭಾಳ ಹೊಗಳೀನಪಾ ನಿನ್ನ” ಅಂದ್ರು.

೩. ಎರಡು ತಂತಿ

ಯಂಕಂಚಿಯ ಹಿರಿಯರೊಬ್ಬರು ರೇಡಿಯೋ ತಂದಿಟ್ಟು, “ಬಾಯೇ ಬಿಡವಲ್ದು, ನೋಡ್ರಿ” ಅಂದ್ರು. ಸ್ಕೋಪ್ ಹಚ್ಚಿದೆ. ಗೆರಿ ಕುಣೀತ ಬಂದು ಒಂದು ಕಡೆ ಮಲಗಿತು. ಅಲ್ಲೊಂದು ತಂತಿ ಕಿತ್ತಿತ್ತು, ಬೆಸದೆ. ಮುಂದ ಹೋದ್ರ ಮತ್ತ ಮಲಗಿತು. ಹುಡುಕಿ ಹುಡುಕಿ ನೋಡಿದ್ರ, ತಳದಾಗ ಇನ್ನೊಂದು ಕಿತ್ತಿತ್ತು. ಅದನ್ನೂ ಬೆಸದೆ, ರೇಡಿಯೋ ಹಾಡಿತು.

“ಎರಡು ತಂತಿ ಕಿತ್ತಿದ್ವು ಅಷ್ಟರಿ. ಹೊಸಾ ಸಾಮಾನು ಏನೂ ಬ್ಯಾಡ.”

ಹಿರಿಯರು ಗಾಬರಿಯಾದ್ರು. “ಎರಡು ಹೆಂಗ? ನಾ ಕಿತ್ತಿದ್ದು ಒಂದ.”

ಆಮ್ಯಾಲೆ ನಾಚಿಕೋತ ಒಪ್ಪಿಕೊಂಡ್ರು. ಮಗಳಿಗೆ ನನ್ನನ್ನ ನೋಡಾಕ ಬಂದಿದ್ರಂತ. ಹುಡುಗ ಖರೇ ಹೇಳ್ತಾನೋ ಇಲ್ಲೋ ತಿಳೀಲಿ ಅಂತ ತಾವ ತಂತಿ ಕಿತ್ತು ತಂದಿದ್ರು. ಆ ವರ್ಷನ ಅಕ್ಕಿಕಾಳು ಬಿದ್ದವು. ಅವ್ವ ಮತ್ತ ಅತ್ತಳು, ಈ ಸಲ ಖುಷಿಗೆ.

ಮದುವಿಯಾದ ವಾರಕ್ಕ ಹೆಂಡತಿನ್ನ ಕೇಳಿದೆ, “ಆ ಎರಡನೇ ತಂತಿ ಯಾರು ಕಿತ್ತಿದ್ರು?”

ಆಕಿ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ. “ನಾನ. ಅಪ್ಪ ಕಿತ್ತಿದ್ದು ಮ್ಯಾಲೇ ಕಾಣ್ತಿತ್ತು. ಅಷ್ಟಕ್ಕ ನನ್ನನ್ನ ಕೊಟ್ಟುಬಿಡೂದೇನು?”