ನಲವತ್ತೆಂಟು ಅಂಕಿಯ ಬೀಗ

ದೇವರು ನಮ್ಮ ಮನೆಗೆ ಒಳ್ಳೆಯದನ್ನೇ ಮಾಡುತ್ತಾನೆ; ಆದರೆ ಸ್ವಲ್ಪ ನಗಿಸಿಯೇ ಮಾಡುತ್ತಾನೆ. ಕಂಪ್ಯೂಟರ್ ಬಂದ ಮೇಲಂತೂ ಅವನಿಗೆ ಬಿಡುವೇ ಇಲ್ಲ.

೧. ಕಾಣದ ಬೀಗ

ಅವ್ವ ತೀರಿಕೊಳ್ಳುವ ಮೊದಲು ಅವಳ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. ಫೋನು ಕೆಡುವುದರೊಳಗೆ ಅವನ್ನು ಜೋಪಾನ ಮಾಡಬೇಕೆಂದು ಮದ್ದೂರಿಗೆ ಹೋಗಿ ಕಂಪ್ಯೂಟರ್ ತಂದೆ. ಅಂಗಡಿಯವನು ಹೇಳಿದ್ದ:

"ಯಜಮಾನ್ರೇ, ಇದರೊಳಗೆ ಏನಿಟ್ರೂ ತಾನೇ ಗೂಢಲಿಪಿಯಾಗಿ ಕೂತ್ಕತದೆ. ನೀವು ತೆಗೆದ್ರೆ ತಾನೇ ಬಿಡಿಸ್ಕತದೆ. ಕಳ್ಳ ಬಿಚ್ಚಿ ನೋಡಿದ್ರೆ ಬರೀ ಕಲಸುಮೇಲೋಗರ."

"ಬೀಗ ಎಲ್ಲದೆ?"

"ಕಾಣಾಕಿಲ್ಲ. ಅದೇ ಅದರ ಹೆಚ್ಚುಗಾರಿಕೆ."

ಮನೆಗೆ ಬಂದು ಹೆಂಡತಿಗೆ ಭಕ್ತಿಯಿಂದ ವಿವರಿಸಿದೆ: "ದೇವರಂಗೆ ಕಣೇ. ಅದೆ, ಕಾಣಾಕಿಲ್ಲ."

"ಬೀಗ ಕಾಣಾಕಿಲ್ಲ, ಕೀ ಕಾಣಾಕಿಲ್ಲ. ಅಂಗಡಿಯೋನಾದ್ರೂ ನಾಳೆ ಕಂಡಾನಾ?" ಎಂದಳು.

೨. ಕೀಗೊಂದು ಬೀಗ

ಮಾರನೆಯ ದಿನ ಕಂಪ್ಯೂಟರ್ ಹೊತ್ತು ಹೋದರೆ ಅವನು ಅಂಗಡಿಯಲ್ಲೇ ಇದ್ದ.

"ಯಾವತ್ತಾದ್ರೂ ಕಂಪ್ಯೂಟರ್ ನಿಮ್ಮ ಗುರುತು ಹಿಡೀದೆ ಹೋದ್ರೆ ನಲವತ್ತೆಂಟು ಅಂಕಿ ಕೇಳ್ತದೆ. ಬರ್ಕಳಿ" ಎಂದು ತೋರಿಸಿದ.

ನಲವತ್ತೆಂಟು ದಿನಕ್ಕೆ ಒಂದು ಮಂಡಲವಲ್ಲವೇ? ಸಂಖ್ಯೆ ಕೇಳಿಯೇ ಮನಸ್ಸಿಗೆ ಹಿತವಾಯಿತು. ಮೇಲೆ 'ಶ್ರೀ' ಹಾಕಿ, ನಮ್ಮೂರ ಮೇಷ್ಟ್ರು ಕಲಿಸಿದ ಕನ್ನಡ ಅಂಕಿಯಲ್ಲೇ, ಸಾಲಿಗೆ ಆರರಂತೆ ಎಂಟು ಸಾಲು ಬರೆದೆ.

ಅಂಗಡಿಯವನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದನ್ನ ನಾನೇ ಓದಾಕಾಗಾಕಿಲ್ಲ. ಕೀಗೇ ಬೀಗ ಜಡಿದ್ಬುಟ್ರಲ್ಲ ಯಜಮಾನ್ರೇ!"

ಮನೆಗೆ ತಂದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಪಟದ ಹಿಂದಿಟ್ಟೆ.

೩. ಗುರುತು ಮರೆತದ್ದು

ಮಗಳ ಮದುವೆ ಗೊತ್ತಾಯಿತು. ಅರಿಶಿನದ ಶಾಸ್ತ್ರಕ್ಕೆ ಅಜ್ಜಿಯ ಸೋಬಾನೆಯೇ ಆಗಬೇಕೆಂದು ಅವಳ ಹಠ. ಫೋನು ಆಗಲೇ ಸತ್ತಿತ್ತು. ಪದಗಳು ಉಳಿದಿದ್ದು ಕಂಪ್ಯೂಟರಿನಲ್ಲಿ ಮಾತ್ರ. ಅದೂ ಕೆಟ್ಟಿತು. ಮಂಡ್ಯದಲ್ಲಿ ಒಳಗಿನ ಬೋರ್ಡು ಬದಲಾಯಿಸಿ ತಂದು ಹಚ್ಚಿದರೆ ನೀಲಿ ಪರದೆ ಬಂದು ನಲವತ್ತೆಂಟು ಅಂಕಿ ಕೇಳಿತು.

ಪಟದ ಹಿಂದೆ ಚೀಟಿ ಇಲ್ಲ! ಮಗಳ ಫೋನಿನಿಂದ ಮದ್ದೂರಿನ ಅಂಗಡಿಯವನಿಗೆ ಫೋನು ಮಾಡಿದೆ.

"ಅಂಕಿ ಇಲ್ದಿದ್ರೆ ನನ್ನ ಕೈಲೂ ಆಗಾಕಿಲ್ಲ, ಅದನ್ನ ಮಾಡ್ದೋನ ಕೈಲೂ ಆಗಾಕಿಲ್ಲ. ಇನ್ನು ದೇವರನ್ನೇ ಕೇಳಿ."

"ಅವನ ಹಿಂದೇ ಇಟ್ಟಿದ್ದೆ ಕಣಪ್ಪ!"

೪. ಯಂತ್ರ

ನನ್ನ ಗೋಳು ಕೇಳಿ ಹೆಂಡತಿ ಅಡುಗೆಮನೆಯಿಂದ ಬಂದಳು.

"ಯಾವ್ದು, ಆ ಯಂತ್ರವಾ? ಶ್ರೀ ಅದೆ, ಅರಿಶಿನ ಅದೆ, ಎಣಿಸಿದ್ರೆ ಸರಿಯಾಗಿ ನಲವತ್ತೆಂಟು. ಅಯ್ನೋರು ಕೊಟ್ಟಿದ್ದು ಅಂದ್ಕಂಡೆ. ಎಮ್ಮೆ ದೃಷ್ಟಿಯಾಗಿ ಒದೀತಿತ್ತಲ್ಲ, ತಾಯತದೊಳಕ್ಕೆ ಸುತ್ತಿ ಅದರ ಕತ್ತಿಗೆ ಕಟ್ಬುಟ್ಟೆ."

ಕೊಟ್ಟಿಗೆಗೆ ಓಡಿದೆ. ಎಮ್ಮೆ ಕೊಂಬು ಬೀಸಿತು. ಅದಕ್ಕೂ ನನ್ನ ಗುರುತು ಹತ್ತಲಿಲ್ಲ! ಕೊನೆಗೆ ಅವಳೇ ಬಿಚ್ಚಿಕೊಟ್ಟಳು.

ಒಂದು ಅಂಕಿಗೆ ಅರಿಶಿನ ಹರಡಿ ಮೂರೋ ಆರೋ ತಿಳಿಯದು. ಮೂರು ಒತ್ತಿದೆ, ಒಪ್ಪಲಿಲ್ಲ. ಸ್ವಾಮಿಯನ್ನು ನೆನೆದು ಆರು ಒತ್ತಿದೆ.

ಅವ್ವನ ದನಿ ಮನೆ ತುಂಬಿತು. ಮಗಳು ಅಲ್ಲೇ ನೆಲಕ್ಕೆ ಕೂತಳು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಮುಂದೆ ಕೈಚಾಚಿದಳು.

"ಆಯ್ತಲ್ಲ, ಚೀಟಿ ಕೊಡಿ. ಅದು ಕಟ್ಟಿದ ಮೇಲೆ ಎಮ್ಮೆ ಒದ್ದಿಲ್ಲ."

ನಕಲು ಬರೆದುಕೊಂಡು ಅಸಲನ್ನು ಎಮ್ಮೆಗೇ ಒಪ್ಪಿಸಿದೆ. ಆಮೇಲೆ ಅಂಗಡಿಯವನು ಕೇಳಿದ: "ಈಗಲಾದ್ರೂ ಭದ್ರವಾಗಿ ಇಟ್ಟಿದೀರಾ?"

"ಭದ್ರ ಅಂದ್ರೆ ಭದ್ರ ಕಣಪ್ಪ. ನಿನ್ನ ಬೀಗ ಕಾಣಾಕಿಲ್ಲ, ನನ್ನದು ಕೊಂಬಲ್ಲಿ ಹಾಯ್ತದೆ."