ಸಮುದ್ರಕ್ಕೆ ಹಲಗೆ ಹೊಡೆಯುವವರು

ನಮ್ಮ ಸೋದರಮಾವನಷ್ಟು ಸಮುದ್ರ ಬಲ್ಲವರು ಇಡೀ ಜಗಳೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಅವರು ಈವರೆಗೆ ಸಮುದ್ರವನ್ನು ಕಣ್ಣಾರೆ ಕಂಡಿಲ್ಲ ಎಂಬುದು ಬೇರೆ ಮಾತು. ಕಂಡುಬಂದವರ ಜೊತೆ ವಾದ ಮಾಡಿ ಗೆಲ್ಲಲು ಅದೇನೂ ಅಡ್ಡಿಯಾಗಿಲ್ಲ.

ಈ ಪಾಂಡಿತ್ಯಕ್ಕೆ ಮೂಲ ನಾನೇ. ಕಳೆದ ಬೇಸಿಗೆಯಲ್ಲಿ ಅತ್ತೆಯನ್ನು ನೋಡಲು ನ್ಯಾಮತಿಯಿಂದ ಬಸ್ಸು ಬದಲಿಸಿ ಬದಲಿಸಿ ಹೋಗಿದ್ದೆ. ನೀರಿನ ತೊಟ್ಟಿಯ ಬಳಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ ಅತ್ತೆಗೆ ದಾವಣಗೆರೆಯಲ್ಲಿ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಇನ್ನೂ ಎದ್ದು ನಡೆಯದಿದ್ದರೆ ಕಾಲು ಹಾಗೇ ಬಿಗಿದುಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆ ಮಾತ್ರ ಮಂಚದಿಂದ ಇಳಿಯಲೊಲ್ಲರು. "ಮತ್ತೆ ಬಿದ್ರೆ ಯಾರ ಕೈಲಿ ನೋಡಾಕೆ ಆಗ್ತೈತೆ? ಇಲ್ಲೇ ಇರ್ತೀನಿ ಬಿಡು" ಎನ್ನುತ್ತಿದ್ದರು. ಅವರಿಗೆಂದು ತಂದ ವಾಕರಿನ ಮೇಲೆ ಮಾವ ತಮ್ಮ ಪಂಚೆ, ಟವೆಲ್ಲು ಒಣಹಾಕಿದ್ದರು. ಹೆಂಡತಿಯ ಚಿಂತೆ ಇರುವ ಗಂಡಸು ಮಾಡುವ ಕೆಲಸವೇ ಇದು? ನನಗೆ ಸಿಟ್ಟೇ ಬಂತು.

ಅವತ್ತು ಸೆಕೆ ಎಂದರೆ ಸೆಕೆ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತಿತ್ತು. "ಅಳಿಯಾ, ಈಗ ಭೂಮಿ ಮ್ಯಾಲೆ ಎಲ್ಲಿ ಥಂಡಿ ಐತೆ, ಮೊಬೈಲಿನಾಗೆ ತೋರಿಸು" ಎಂದರು ಮಾವ. ಹುಡುಕಿದೆ. ಯಾವುದೋ ದೂರದೇಶದ ಸಮುದ್ರತೀರ, ಅಲ್ಲಿಟ್ಟ ಕ್ಯಾಮೆರಾದಿಂದ ನೇರಪ್ರಸಾರ. ನಮಗೆ ಸಂಜೆ, ಅವರಿಗೆ ಬೆಳಗು. ಅವರಿಗೂ ಬೇಸಿಗೆಯೇ ಅಂತೆ, ಆದರೆ ಎಂಥ ಬೇಸಿಗೆ! ಎದುರಿನ ಬಂಡೆಯೂ ಕಾಣದಷ್ಟು ಮಂಜು. ಮೈತುಂಬ ಕಪ್ಪು ರಬ್ಬರಿನ ಉಡುಪು ತೊಟ್ಟವರು ಉದ್ದನೆಯ ಹಲಗೆ ಹಿಡಿದು ನೀರಿಗಿಳಿಯುತ್ತಿದ್ದರು. ಅಲೆ ಬಂದಾಗ ಹಲಗೆಯ ಮೇಲೆ ಎದ್ದು ನಿಲ್ಲುವುದು, ದೊಪ್ಪನೆ ಬೀಳುವುದು, ಈಜಿ ಹೋಗಿ ಮತ್ತೆ ಅದೇ ಹಲಗೆ ಹಿಡಿಯುವುದು.

ಮಾವ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟರು: "ಹಲಗೆ ಹೊಡೀತಾ ಅವರೆ."

ನಾಟಿಗೆ ಮುಂಚೆ ಕೆಸರುಗದ್ದೆಯನ್ನು ಮಟ್ಟ ಮಾಡಲು ಎತ್ತುಗಳಿಗೆ ಹಲಗೆ ಕಟ್ಟಿ, ಭಾರಕ್ಕೆಂದು ಒಬ್ಬರು ಅದರ ಮೇಲೆ ನಿಲ್ಲುತ್ತಾರಲ್ಲ, ಅದು. ಮಾವನದು ಮೆಕ್ಕೆಜೋಳ, ಶೇಂಗಾ ಬೆಳೆಯುವ ಒಣಭೂಮಿ. ಹಲಗೆ ಹೊಡೆಯುವುದನ್ನು ಅವರು ಕಂಡಿದ್ದೇ ಹೊನ್ನಾಳಿ ಹತ್ತಿರದ ಅತ್ತೆಯ ತವರಿನಲ್ಲಿ.

"ಹಂಗಾದ್ರೆ ಎತ್ತು ಎಲ್ಲಿ ಮಾವ?" ಎಂದೆ.

"ಮಂಜು ಐತಲ್ಲೋ, ಎಲ್ಲಿಂದ ಕಾಣಬೇಕು?"

ಇಂಥವರ ಹತ್ತಿರ ಏನು ಮಾತಾಡುತ್ತೀರಿ? ಅವರ ಮೊಬೈಲಿಗೂ ಅದನ್ನೇ ಹಾಕಿಕೊಟ್ಟು ಊರಿಗೆ ಬಂದೆ. ಅಲ್ಲಿಂದ ದಿನಾ ಸಂಜೆ ನನಗೆ ಫೋನು. "ಇವತ್ತೂ ಮಟ್ಟ ಆಗಿಲ್ಲ ನೋಡಪ್ಪ." ಒಂದು ದಿನ ಕೆಂಪು ಟೋಪಿಯ ಹೆಂಗಸೊಬ್ಬಳು ಹನ್ನೊಂದು ಸಲ ಬಿದ್ದಳೆಂದು ಊಟ ಸೇರದೆ ಕೂತಿದ್ದರಂತೆ.

ಮೂರು ವಾರ ಬಿಟ್ಟು ಮತ್ತೆ ಹೋದೆ. ಮಾವ ಆ ಸೆಕೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾರೆ!

"ಇದೇನು ಮಾವ?"

"ಆ ಮಂಜು ನೋಡಿದ್ರೇ ನಡುಕ ಬರ್ತೈತೆ. ಹೊದ್ಕಂಡ್ರೆ ತಪ್ಪಾ?"

ಮೊದಲು ಮಂಚದ ಮೇಲಿರುತ್ತಿದ್ದ ಮೊಬೈಲು ಈಗ ಎದುರು ಕಿಟಕಿಗೆ ಹೋಗಿತ್ತು. ಕೇಳಿದರೆ, "ಅಲ್ಲಿ ಸಿಗ್ನಲ್ ಚೆನ್ನಾಗೈತೆ" ಎಂದರು ಮಾವ. ಅದನ್ನು ನೋಡಲು ಅತ್ತೆ ದಿಂಬು ಬಿಟ್ಟು ಮಂಚದ ಅಂಚಿಗೆ ಬಂದು ಕೂತಿದ್ದರು. ಕಾಲು ಕೆಳಗೆ ಜೋತಾಡುತ್ತಿದ್ದವು.

ಕೆಂಪು ಟೋಪಿಯವಳು ಮತ್ತೆ ಬಿದ್ದಳು. "ಕಾಲು ಜೋಡಿಸಿ ನಿಂತ್ರೆ ಬೀಳ್ದೆ ಇನ್ನೇನು?" ಎಂದು ಅತ್ತೆ ಅಲ್ಲಿಂದಲೇ ಬೈದರು.

"ಸುಮ್ಕಿರು, ನಿನಗೇನು ಗೊತ್ತು? ಜೋಡಿಸೇ ನಿಲ್ಲಬೇಕು" ಎಂದು ಮಾವ ಊಟದ ಮಣೆಯನ್ನು ನೆಲಕ್ಕಿಟ್ಟು, ಕಂಬಳಿ ಸಮೇತ ಅದರ ಮೇಲೆ ಹತ್ತಿ ಕಾಲು ಜೋಡಿಸಿ ನಿಂತರು. ಓಲಾಡಿದರು. ಮಣೆ ಒಂದು ಕಡೆ ಹೋಯಿತು, ಮಾವ ಇನ್ನೊಂದು ಕಡೆ ಕುಕ್ಕರಿಸಿದರು. ಎದ್ದು, ಮತ್ತೆ ಹಾಗೇ ಹತ್ತಿದರು.

"ಅಯ್ಯೋ ನಿಮ್ಮ, ಹಂಗಲ್ಲರೀ! ಒಂದು ಕಾಲು ಮುಂದೆ ಇಡ್ರಿ. ಮೊಣಕಾಲು ಸಡಿಲ ಬಿಡ್ರಿ."

"ಹೆಂಗೆ?"

"ಹಿಂಗೆ" ಎಂದರು ಅತ್ತೆ.

ಎಂದಾಗ ಅವರು ನಿಂತಿದ್ದರು. ಕೈಯಲ್ಲಿ ವಾಕರ್ ಇತ್ತು. ಅದರ ಮೇಲಿದ್ದ ಪಂಚೆ, ಟವೆಲ್ಲುಗಳನ್ನು ಯಾರು ಯಾವಾಗ ತೆಗೆದು ಅದನ್ನು ಮಂಚಕ್ಕೆ ತಾಗಿಸಿಟ್ಟಿದ್ದರೋ, ನಾನಂತೂ ನೋಡಿರಲಿಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ. ಎರಡು ತಿಂಗಳ ಮೇಲೆ ಮೂರು ವಾರ ನೆಲ ಮುಟ್ಟದ ಪಾದಗಳು ನಡುಗುತ್ತಿದ್ದವು. ಮಾವ ಮೊಬೈಲಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಜಗಲಿಗೆ ಬಂದು ಕಂಬಳಿ ತೆಗೆದರು. ಅಂಗಿ ತೊಯ್ದು ತೊಪ್ಪೆಯಾಗಿತ್ತು. "ಮಾವ, ಅವರು ಹಲಗೆ ಹೊಡೀತಾರೆ ಅಂತ ನಿಜವಾಗಿ ನಂಬಿದ್ರಾ?" ಎಂದೆ.

"ಯಾರಿಗೆ ಗೊತ್ತು? ಮಂಜಿನಾಗೆ ಎತ್ತು ಇದ್ರೂ ಇರಬಹುದು" ಎಂದು ಮುಖ ಒರೆಸಿಕೊಂಡರು. ಕಂಬಳಿ ಮಡಿಚುತ್ತ ತಾವಾಗಿಯೇ ಹೇಳಿದರು: "ಹೆಣ್ಣು ನೋಡಾಕೆ ಹೋದಾಗ ನಿಮ್ಮತ್ತೆ ಮನೇನಾಗೆ ಇರ್ಲಿಲ್ಲ. ಗದ್ದೇನಾಗೆ ಹಲಗೆ ಮ್ಯಾಲೆ ನಿಂತಿದ್ಲು. ಎತ್ತು ಬೆದರಿ ಓಡಿದ್ವು. ನಾವೆಲ್ಲ ಕೂಗ್ಕಂಡ್ವಿ, ಅವಳು ಮಾತ್ರ ನಿಂತೇ ಇದ್ಲು. ಈಗ ಅದು ಅವಳಿಗೆ ಮರೆತು ಹೋಗಿತ್ತು, ಅಷ್ಟೇ."

ಆ ಟವೆಲ್ಲಿಗೆ ಸಿಟ್ಟು ಮಾಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಒಳಗೆ ವಾಕರಿನ ಕಾಲು ನೆಲಕ್ಕೆ ಟಕ್ಕೆಂದಿತು. ಮತ್ತೊಂದು ಸಲ ಟಕ್ಕೆಂದಿತು. ಈಗ ಅತ್ತೆಯ ದನಿ ಕಿಟಕಿಯ ಬಳಿಯಿಂದ ಬಂತು:

"ಏನ್ರೀ, ಕೆಂಪು ಟೋಪಿ ನಿಂತ್ಕಂಡ್ಲು, ಬರ್ರಿ."