ಸಿ ಉತ್ತರಕ್ಕೆ ನನ್ನದೊಂದು ತಿದ್ದುಪಡಿ

ಲಾಠಿ ತಿಂದಿದ್ದೇನೆ, ಲಾಕಪ್ಪಿನ ನೀರು ಕುಡಿದಿದ್ದೇನೆ. ಆದರೆ ಈ ಜನ್ಮದಲ್ಲಿ ನನಗೆ ಮಣ್ಣು ಮುಕ್ಕಿಸಿದ್ದು ಕಡಲೆಕಾಳಿನಷ್ಟಿದ್ದ ನಾಲ್ಕು ವೃತ್ತಗಳು: ಎ, ಬಿ, ಸಿ, ಡಿ.

ಇಪ್ಪತ್ತನೇ ವಯಸ್ಸಿನಲ್ಲಿ ಮುಷ್ಕರ ಮಾಡಿಸಿದನೆಂದು ನನ್ನನ್ನು ಕಾಲೇಜಿನಿಂದ ಹೊರದಬ್ಬಿದ್ದರು. ಆಮೇಲಿನ ಮೂವತ್ತೆಂಟು ವರ್ಷ ಕಾರ್ಮಿಕ ಸಂಘವೇ ನನ್ನ ವಿಶ್ವವಿದ್ಯಾಲಯ. ಕೋರ್ಟಿನಲ್ಲಿ ನಮ್ಮ ಪರ ವಕೀಲರು ತಡವರಿಸಿದಾಗಲೆಲ್ಲ ಕಟಕಟೆಯಲ್ಲಿ ನಿಂತು ಹಲ್ಲು ಕಡಿದವನು ನಾನು. ಹಾಗಾಗಿ ಸಂಜೆಯ ಕಾನೂನು ಕಾಲೇಜಿನವರು ವಯಸ್ಸಿನ ಮಿತಿ ತೆಗೆದರೆಂದು ತಿಳಿದ ದಿನವೇ ಬೀದಿಗೆಲ್ಲ ಸಾರಿಬಿಟ್ಟೆ: ಇನ್ನು ಮುಂದೆ ವಾದ ನಾನೇ ಮಾಡುತ್ತೇನೆ. (ಇಷ್ಟು ದಿನ ಮಾಡಿದ್ದೇನು ಎಂದು ಬೀದಿಯವರು ಕೇಳಿದರು.)

ನಡುವೆ ಪ್ರವೇಶ ಪರೀಕ್ಷೆಯೊಂದು ಕಾಲು ಚಾಚಿ ಮಲಗಿತ್ತು. ಅದರ ಅರ್ಧದಷ್ಟು ಅಂಕಗಳು ಒಂದೇ ಬಗೆಯ ಪ್ರಶ್ನೆಗಳಿಗೆ. ಗದ್ಯಭಾಗ ಓದಬೇಕು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಅದರ ವೃತ್ತಕ್ಕೆ ಮಸಿ ತುಂಬಬೇಕು. ಅಕ್ಷರ ಬಲ್ಲ ಎಮ್ಮೆಗೂ ಆಗುವ ಕೆಲಸ ಅಂದುಕೊಂಡೆ.

ಶಾಲೆಯಲ್ಲಿ ಪಾಠ ಹೇಳುವ ಮಗಳು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿದಳು. ಪಕ್ಕದಲ್ಲಿ ನನ್ನಾಕೆ ಬಟಾಣಿ ಸುಲಿಯುತ್ತಿದ್ದಳು.

"ಓದಿದ್ಯಲ್ಲಪ್ಪ? ಲೇಖಕರ ಪ್ರಕಾರ ಕೆಲಸಗಾರ ಜೇನುಹುಳಗಳು ಬಿಡುವಿಲ್ಲದೆ ದುಡಿಯೋದು ಯಾಕೆ?"

"ರಾಣಿ ಹುಳ ಕೂತು ತಿನ್ನುತ್ತೆ, ಅದಕ್ಕೆ."

"ಅದು ಎಲ್ಲಿ ಬರೆದಿದೆ?"

"ಅಂಥದ್ದನ್ನೆಲ್ಲ ಬರೀತಾರಾ? ಇವನು ಗೂಡಿನ ಮಾಲೀಕರ ಕಡೆಯವನು."

"ಎರಡನೇ ಸಾಲಲ್ಲೇ ಇದೆ ನೋಡು. 'ಗೂಡಿನ ಹಿತಕ್ಕಾಗಿ ಸಂತೋಷದಿಂದ ದುಡಿಯುತ್ತವೆ.' ಉತ್ತರ ಸಿ."

"ಸಂತೋಷದಿಂದ ಅಂತ ಯಾವ ಹುಳ ಬಂದು ಇವನ ಕಿವೀಲಿ ಹೇಳ್ತು?"

ಬಟಾಣಿಯ ಕಡೆಯಿಂದ ದನಿ ಬಂತು. "ರೀ, ಹುಳಗಳ ಸಂಘ ಆಮೇಲೆ ಕಟ್ಟಿ. ಕೇಳಿದ್ದಕ್ಕೆ ಸಿ ಅನ್ನಿ."

"ನಿನಗೇನು ಗೊತ್ತು?"

"ಇಪ್ಪತ್ತು ವರ್ಷ ನಿಮ್ಮ ಸಭೆಗಳ ನಡಾವಳಿ ಬರೆದವಳು ನಾನು. ನೀವು ಅಂದಿದ್ದನ್ನ ಬರೀತಿದ್ದೆ, ನನಗೆ ಅನಿಸಿದ್ದನ್ನಲ್ಲ. ಅನಿಸಿದ್ದು ಬರೆದಿದ್ರೆ ನಿಮ್ಮ ಸಂಘ ಅವತ್ತೇ ಮುಚ್ಚಿಹೋಗ್ತಿತ್ತು."

ನಮ್ಮ ಸಂಘದ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತು. ಯಾವ ನಿರ್ಣಯ ಓದಿದರೂ ತಿದ್ದುಪಡಿ ಮಂಡಿಸದೆ ಒಪ್ಪುವುದು ನಮ್ಮಲ್ಲಿ ಹೇಡಿತನ. ಒಮ್ಮೆ ಶ್ರದ್ಧಾಂಜಲಿ ನಿರ್ಣಯಕ್ಕೂ ನಾನು ತಿದ್ದುಪಡಿ ತಂದಿದ್ದೆ. 'ಅಕಾಲಿಕ ನಿಧನ' ಎಂದು ಬರೆದಿದ್ದರು; ಸತ್ತವರಿಗೆ ತೊಂಬತ್ತಾರು.

"ಆ ಚಟ ಪರೀಕ್ಷೇಲಿ ಬೇಡಪ್ಪ," ಮಗಳು ಕೈಮುಗಿದಳು. "ಆನೆ ಹಾರುತ್ತೆ ಅಂತ ಬರೆದಿದ್ರೆ ಹಾರುತ್ತೆ. ಅಷ್ಟೇ."

ಪರೀಕ್ಷೆಯ ದಿನ ನನ್ನಾಕೆಯೂ ಹೊರಟು ನಿಂತಳು. ನನ್ನ ಅರ್ಜಿ ತುಂಬುವಾಗ ತನ್ನದೂ ಒಂದು ತುಂಬಿದ್ದಳಂತೆ. "ನಿಮಗೆ ಕಾಯ್ತಾ ಬಿಸಿಲಲ್ಲಿ ಕೂರೋ ಬದಲು ಒಳಗೇ ಕೂರ್ತೀನಿ. ಫ್ಯಾನಾದ್ರೂ ಇರುತ್ತೆ."

ಮೊದಲ ಹತ್ತು ಪ್ರಶ್ನೆಗಳಿಗೆ ಸಾಧು ಹಸುವಿನಂತೆ ಉತ್ತರಿಸಿದೆ. ಆಮೇಲೆ ಬಂತು ಮೂರನೇ ಗದ್ಯಭಾಗ. ಪ್ರತಿಭಟನೆಗಳಲ್ಲೆಲ್ಲ ಮೌನವೇ ಶ್ರೇಷ್ಠ, ಘೋಷಣೆ ಕೂಗುವವರು ಗಂಟಲು ಕೆಡಿಸಿಕೊಳ್ಳುತ್ತಾರೆಯೇ ಹೊರತು ಏನನ್ನೂ ಗೆಲ್ಲುವುದಿಲ್ಲ ಎಂದು ಯಾವನೋ ಬರೆದಿದ್ದ. ಪ್ರಶ್ನೆ: ಲೇಖಕರ ಮುಖ್ಯ ಅಭಿಪ್ರಾಯವೇನು? ಸರಿಯುತ್ತರ ಸಿ ಎಂದು ನನಗೆ ಗೊತ್ತಿತ್ತು. ಮಗಳ ಮುಗಿದ ಕೈ ಕಣ್ಣ ಮುಂದೆ ಬಂತು. ಮೂವತ್ತೆಂಟು ವರ್ಷ ಕೂಗಿದ ಗಂಟಲೂ ಅಡ್ಡ ಬಂತು. ಗಂಟಲೇ ಗೆದ್ದಿತು. ಉತ್ತರದ ಹಾಳೆಯಲ್ಲಿ ಸಿ ವೃತ್ತ ತುಂಬಿ, ಪಕ್ಕದಲ್ಲಿ 'ತಿದ್ದುಪಡಿಯೊಂದಿಗೆ' ಎಂದು ಬರೆದು ಸಹಿ ಹಾಕಿದೆ. ಮುಂದಿನ ಪ್ರಶ್ನೆಗಳಿಗಂತೂ ಡಿ ಆದಮೇಲೆ ಐದನೇ ವೃತ್ತವೊಂದನ್ನು ನಾನೇ ಬರೆದು ಅದನ್ನೇ ತುಂಬಿದೆ.

ಹಾಳೆ ತಿದ್ದುವುದು ಯಂತ್ರವಂತೆ. ಅದಕ್ಕೆ ಚರ್ಚೆ ಗೊತ್ತಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ತಿರಸ್ಕೃತ' ಎಂದಿತ್ತು. ನಾಲ್ಕು ಸಾಲು ಕೆಳಗೆ ನನ್ನಾಕೆಯ ಹೆಸರು, ಅದರ ಮುಂದೆ 'ಆಯ್ಕೆ'.

ಬಿಡುವ ಪೈಕಿಯೇ ನಾನು? ಯಂತ್ರಕ್ಕೂ ಲೇಖಕನಿಗೂ ಕಾಲೇಜಿಗೂ ಸೇರಿಸಿ ಒಂಬತ್ತು ಪುಟದ ಮೇಲ್ಮನವಿ ಬರೆದು, ಭಾವಿ ವಕೀಲೆಯ ಮುಂದೆ ಇಟ್ಟೆ. ಅವಳು ಒಂದು ಅಕ್ಷರ ಬಿಡದೆ ಓದಿದಳು. ಪೆನ್ಸಿಲ್ ತೆಗೆದು ಕೊನೆಯ ಪುಟದ ಕೆಳಗೆ ಗೀಚಿ ನನ್ನ ಕಡೆ ತಳ್ಳಿದಳು.

'ಈ ಅರ್ಜಿಯಿಂದ ಅರ್ಜಿದಾರರ ಬಗ್ಗೆ ತಿಳಿಯುವುದೇನು? ಎ) ಅವರಿಗೆ ಅನ್ಯಾಯವಾಗಿದೆ. ಬಿ) ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ. ಸಿ) ಅವರ ಕನ್ನಡಕ ಸರಿಯಿಲ್ಲ. ಡಿ) ಉತ್ತರ ಗೊತ್ತಿದ್ದೂ ಹಟದಿಂದ ಕೆಟ್ಟರು.'

"ಬರೆದಿರೋದರಲ್ಲೇ ಹುಡುಕಿ. ಮೂರನೇ ಪುಟ," ಅಂದಳು.

ತೆರೆದೆ. 'ಸರಿಯುತ್ತರ ಯಾವುದೆಂದು ನನಗೆ ಮೊದಲೇ ತಿಳಿದಿತ್ತಾದರೂ' ಎಂದು ಕಣ್ಣಿಗೆ ಹೊಡೆಯುವಂತಿತ್ತು. ಈ ಸಲ ಲೇಖಕ ಯಾವ ಮಾಲೀಕನ ಕಡೆಯವನೂ ಅಲ್ಲ, ನಾನೇ. ತೆಪ್ಪಗೆ ಪೆನ್ಸಿಲ್ ತಗೊಂಡು ಡಿ ತುಂಬಿದೆ.

"ನೋಡಿದ್ರಾ, ಬರುತ್ತೆ ನಿಮಗೆ," ಎಂದು ಅವಳು ಚೀಲ ಹೆಗಲಿಗೇರಿಸಿ ಕಾಲೇಜಿಗೆ ಹೊರಟಳು. ಬಾಗಿಲ ಬಳಿ ತಿರುಗಿ ಅಂದಳು: "ಮುಂದಿನ ವರ್ಷ ಮತ್ತೆ ಬರೀರಿ. ಅಷ್ಟೊತ್ತಿಗೆ ನಾನು ಸೀನಿಯರ್. ಕಂಡಾಗ ಎದ್ದು ನಿಲ್ಲೋದನ್ನ ಮಾತ್ರ ಈಗಿಂದಲೇ ರೂಢಿ ಮಾಡ್ಕೊಳ್ಳಿ."